ಅಂಜಿನೇಯ ತಂದ ಇಂಗ್ಲಿಷ್ ಹಾಳೆ

ಚಳ್ಳಕೆರೆ
೧೭ ನವೆಂಬರ್ ೨೦೨೫, ಸೋಮವಾರ ಮಧ್ಯಾಹ್ನ

ಪ್ರೀತಿಯ ಮಾರುತೇಶಣ್ಣನಿಗೆ ತಂಗಿ ನಾಗರತ್ನಳ ನಮಸ್ಕಾರ.

ಹೇಗಿದ್ದೀಯ? ಅತ್ತಿಗೆಯ ಮಂಡಿನೋವು ಕಡಿಮೆಯಾಯಿತೇ? ರಾಯಚೂರಿನ ಮಿಲ್ಲಿನಲ್ಲಿ ಹತ್ತಿಬೀಜದ ಧೂಳು ಜಾಸ್ತಿ ಎಂದು ರಶ್ಮಿತಾ ಹೇಳುತ್ತಿರುತ್ತಾಳೆ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಮೆಷಿನ್ ಹತ್ತಿರ ಹೋಗು. ನಿನ್ನ ಕೆಮ್ಮು ನನಗೆ ಗೊತ್ತು, ಒಮ್ಮೆ ಹಿಡಿದರೆ ಯುಗಾದಿಯವರೆಗೂ ಬಿಡುವುದಿಲ್ಲ. ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ನೀನು ನನ್ನ ಫೋನ್ ಕಟ್ ಮಾಡಿ ಇಂದಿಗೆ ಎಂಟು ದಿನ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಮೆಸೇಜು ಹಾಕಿದರೆ ನೀನು ಅದನ್ನು ಹಾಗೆಯೇ ನಿನ್ನ ಮಿಲ್ಲಿನ ಹಳೆಯ ಗೆಳೆಯ ಅಂಜಿನೇಯನಿಗೆ ಕಳಿಸಿ, ಇದೇನಪ್ಪ ಎಂದು ಕೇಳುವವನು. ಕಾಗದಕ್ಕಾದರೆ ಕಟ್ ಮಾಡುವ ಬಟನ್ ಇಲ್ಲ. ಆದ್ದರಿಂದ ಕೋಪವನ್ನು ಸ್ವಲ್ಪ ಪಕ್ಕಕ್ಕಿಟ್ಟು ಕೊನೆಯವರೆಗೆ ಓದು.

ನಿನ್ನ ಮಗಳು ರಶ್ಮಿತಾ ಚೆನ್ನಾಗಿದ್ದಾಳೆ. ಉಣ್ಣುತ್ತಾಳೆ, ಕನ್ನಡಿ ಮುಂದೆ ನಿಂತು ಇಂಗ್ಲಿಷ್ ಮಾತಾಡುತ್ತಾಳೆ, ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಗುರುವಾರ ಹೊರಡಬೇಕೆಂದು ಕೆಂಪು ಸೂಟ್‌ಕೇಸನ್ನು ಮೂರು ಸಲ ತುಂಬಿ ಮೂರು ಸಲ ಖಾಲಿ ಮಾಡಿದ್ದಾಳೆ. ಕಾಲೇಜಿಗೆಂದು ನನ್ನ ಮನೆಗೆ ಬಂದವಳು ಅಲ್ಲಿಗೆ ಹೋಗುವುದನ್ನು ನಿಲ್ಲಿಸಿ ತಿಂಗಳಾಯಿತು. ಹೊರದೇಶದ ಮನೆಗಳಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ, ಊಟ ವಸತಿ ಎಲ್ಲ ಅವರದೇ, ಕೆಲಸ ಕೊಡಿಸುವ ಅಂಜಿನೇಯಣ್ಣ ಅಪ್ಪನ ಜೊತೆ ಮಿಲ್ಲಿನಲ್ಲಿ ದುಡಿದವನು, ಮತ್ತೇನು ಬೇಕು ಎನ್ನುತ್ತಾಳೆ. ಅವಳನ್ನು ಹೊರಡದಂತೆ ತಡೆಯಬೇಕು, ಅದಕ್ಕೇ ಈ ಕಾಗದ. ಮೊದಲೇ ಹೇಳಿಬಿಡುತ್ತೇನೆ, ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ದಸರಾ ಕಳೆದ ವಾರ ಅಂಜಿನೇಯ ಮನೆಗೆ ಬಂದು, ಆರು ಹುಡುಗಿಯರಿಗೆ ಇಂಗ್ಲಿಷ್ ಮಾತಾಡಲು ಕಲಿಸಬೇಕು, ನಿಮ್ಮಂಥ ಟೀಚರ್ ಈ ತಾಲ್ಲೂಕಿನಲ್ಲೇ ಇಲ್ಲ ಎಂದ. ನಾನು ಉಬ್ಬಿಹೋದೆ. ಮೊಳಕಾಲ್ಮುರಿನ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಅತಿಥಿ ಶಿಕ್ಷಕಿಯಾಗಿಯೇ ಉಳಿದವಳಿಗೆ ಅಂಥ ಒಂದು ಮಾತು ಸಾಕಾಗುತ್ತದೆ. ನಮ್ಮ ಪಡಸಾಲೆಯಲ್ಲೇ ಕ್ಲಾಸು ಶುರುವಾಯಿತು. ರಶ್ಮಿತಾ, ಮೊಳಕಾಲ್ಮುರಿನ ನೇಕಾರರ ಮನೆಯ ಮೂವರು, ನನ್ನಿವಾಳದ ಇಬ್ಬರು. ನನ್ನ ಪಾಠ ನಿನಗೆ ಗೊತ್ತಲ್ಲ, ಪುಸ್ತಕ ಆಮೇಲೆ, ಕೈಯಲ್ಲಿ ಚೊಂಬು ಮೊದಲು. ಚೊಂಬನ್ನು ಒಬ್ಬಳ ಕೈಗೆ ಕೊಟ್ಟು 'ಗಿವ್ ಇಟ್ ಟು ಹರ್' ಎನ್ನುವುದು, ಕಿತ್ತುಕೊಂಡು 'ಟೇಕ್ ಇಟ್ ಫ್ರಮ್ ಹರ್' ಎನ್ನುವುದು. ಕನ್ನಡದಲ್ಲಿ ಅವಳಿಗೆ, ಅವಳಿಂದ ಎಂದು ಪದದ ಹಿಂದೆ ಬಾಲ ಅಂಟಿಸಿಬಿಟ್ಟರೆ ಮುಗಿಯಿತು. ಇಂಗ್ಲಿಷಿನಲ್ಲಿ ಆ ಟು, ಫ್ರಮ್, ವಿತ್‌ಗಳು ಮೊದಲೇ ಬಂದು ಬಾಗಿಲಲ್ಲಿ ನಿಂತಿರುತ್ತವೆ, 'ಷಿ' ಎನ್ನುವವಳು ಅವುಗಳ ಹಿಂದೆ ಬರುವಾಗ ವೇಷ ಬದಲಿಸಿ 'ಹರ್' ಆಗಬೇಕು. ನನ್ನಿವಾಳದ ಹುಡುಗಿಯೊಬ್ಬಳು 'ಗಿವ್ ಟು ಷಿ' ಎಂದಾಗಲೆಲ್ಲ ಚೊಂಬು ಅವಳ ಕೈಗೇ ವಾಪಸ್. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಇಷ್ಟು ಖುಷಿಯಿಂದ ನಾನು ಪಾಠ ಮಾಡಿ ಎಷ್ಟೋ ವರ್ಷವಾಗಿತ್ತು.

ಎರಡು ವಾರದ ಮೇಲೆ ಅಂಜಿನೇಯ ಒಂದು ಹಾಳೆ ತಂದುಕೊಟ್ಟ. ಇದರಲ್ಲಿರುವುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬೇಕು ಮೇಡಂ ಎಂದ. ಇಪ್ಪತ್ತು ಸಣ್ಣ ಸಣ್ಣ ವಾಕ್ಯಗಳು. 'ಐ ಆಮ್ ಗೋಯಿಂಗ್ ವಿತ್ ಹರ್', ನಾನು ಇವರ ಜೊತೆ ಹೋಗುತ್ತಿದ್ದೇನೆ. 'ಷಿ ಈಸ್ ಮೈ ಆಂಟಿ', ಇವರು ನನ್ನ ಅತ್ತೆ. 'ನೋಬಡಿ ಫೋರ್ಸ್ಡ್ ಮಿ', ಯಾರೂ ನನ್ನನ್ನು ಬಲವಂತ ಮಾಡಿಲ್ಲ. ಕೊನೆಯ ಮೂರು ಹೀಗಿದ್ದವು: 'ಐ ಆಮ್ ಹ್ಯಾಪಿ ವಿತ್ ದೆಮ್. ದೇ ಲುಕ್ ಆಫ್ಟರ್ ಮಿ. ಡೋಂಟ್ ವರಿ ಅಬೌಟ್ ಮಿ.' ಅವರ ಜೊತೆ ಖುಷಿಯಾಗಿದ್ದೇನೆ, ನನ್ನನ್ನು ನೋಡಿಕೊಳ್ಳುತ್ತಾರೆ, ನನ್ನ ಚಿಂತೆ ಬೇಡ. ವಿತ್ ಹರ್, ವಿತ್ ದೆಮ್, ಅಬೌಟ್ ಮಿ ಎಲ್ಲ ಒಂದೇ ಹಾಳೆಯಲ್ಲಿ ಸಿಕ್ಕಿತಲ್ಲ ಎಂದು ಮೇಷ್ಟ್ರ ಬುದ್ಧಿ ಹಿಗ್ಗಿತು. ಯಾರ ಅತ್ತೆ, ಯಾಕೆ ಬಲವಂತದ ಮಾತು ಎಂದು ಕೇಳಬೇಕೆಂದು ಹೊಳೆಯಲಿಲ್ಲ. ಹಾಡು ಕಲಿಸುವಂತೆ ನಾನೇ ಕೈತಟ್ಟಿಸಿ ಕಲಿಸಿದೆ ಅಣ್ಣ.

ಅಷ್ಟೂ ಬಾಯಿಪಾಠವಾದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಇಪ್ಪತ್ತರಲ್ಲಿ ಒಂದೂ ಪ್ರಶ್ನೆ ಇಲ್ಲ. ಅಲ್ಲಿ ಹೋದವಳು ಏನನ್ನೂ ಕೇಳುವ ಹಾಗೇ ಇಲ್ಲ, ಬರೀ ಉತ್ತರ. ಇದೆಂಥ ಪಾಠ ಎಂದು ನಾನೇ ಮೂರು ವಾಕ್ಯ ಸೇರಿಸಿದೆ. ನನ್ನ ಮೊಬೈಲ್ ನನಗೆ ವಾಪಸ್ ಕೊಡಿ. ಅಪ್ಪನ ಜೊತೆ ಮಾತಾಡಬಹುದೇ. ನಾನು ಮನೆಗೆ ಹೋಗಬೇಕು. ಮರುದಿನ ಬೆಳಿಗ್ಗೆಯೇ ಅಂಜಿನೇಯ ಬಂದ. ಯಾರು ಹೇಳಿದರೆಂದು ಕೇಳಬೇಡ, ನಿನ್ನ ಮಗಳೇ. ಜೋರು ಮಾಡಲಿಲ್ಲ, ಚಪ್ಪಲಿ ಹೊರಗೇ ಬಿಟ್ಟು, ನಗುನಗುತ್ತಲೇ ಆರು ನೋಟ್‌ಬುಕ್ಕಿನಿಂದಲೂ ಆ ಪುಟ ಹರಿದು ಮಡಚಿ ಜೇಬಿಗೆ ಹಾಕಿಕೊಂಡ. "ಕೊಟ್ಟಿರೋದನ್ನ ಮಾತ್ರ ಕಲ್ಸ್ರಿ ಟೀಚರ್. ನಿಮ್ಮನ್ಯಾಗೂ ಒಬ್ಳು ಹುಡುಗಿ ಐತಲ್ಲ" ಅಂದ. ಆ ಮಾತಿನ ಅರ್ಥವೇನೆಂದು ಇವತ್ತಿಗೂ ಬಿಡಿಸಿ ಹೇಳಲಾರೆ, ಆದರೆ ಅವನು ಹೋದ ಕೂಡಲೇ ಬಾಗಿಲಿನ ಚಿಲಕ ಹಾಕಿದೆ.

ಇನ್ನು ಮುಂದಿನದೇ ಮುಖ್ಯ. ಮೊಳಕಾಲ್ಮುರು ಬಸ್‌ಸ್ಟ್ಯಾಂಡಿನಲ್ಲಿ ಬಳೆ ಮಾರುವ ಚಮನ್ ಬೀ ನನಗೆ ಹಳೆಯ ಪರಿಚಯ, ಸಂಜೆ ಬಸ್ಸು ತಡವಾದರೆ ಅವರ ಅಂಗಡಿಯ ಸ್ಟೂಲೇ ನನಗೆ ಗತಿ. ಹೋದ ವಾರದ ಹಿಂದಿನ ಶನಿವಾರ ಅವರು ಮೊಬೈಲ್ ಹಿಡಿದು ಕಾಯುತ್ತಿದ್ದರು. ಮಗಳು ಸುಮಯ್ಯ ನಾಲ್ಕು ತಿಂಗಳ ಹಿಂದೆ ಹೊರದೇಶಕ್ಕೆ ಹೋದಳಂತೆ. ಕಳಿಸಿದವನು ಯಾರೆಂದರೆ ಇದೇ ಅಂಜಿನೇಯ. "ನೋಡ್ರಿ ಟೀಚರಮ್ಮ, ನಮ್ ಸುಮಯ್ಯ ನನ್ನತ್ರಾನೂ ಉರ್ದುನಾಗೆ ಮಾತಾಡೋದು ಬಿಟ್ಟವ್ಳೆ. ಬರೀ ಇಂಗ್ಲಿಷೇ! ಏನಂತಾಳೆ ವಸಿ ಹೇಳ್ರಿ" ಎಂದು ಮುಖವರಳಿಸಿ ಮಗಳ ದನಿ ಕೇಳಿಸಿದರು. ಐ ಆಮ್ ಹ್ಯಾಪಿ ವಿತ್ ದೆಮ್. ದೇ ಲುಕ್ ಆಫ್ಟರ್ ಮಿ. ಡೋಂಟ್ ವರಿ ಅಬೌಟ್ ಮಿ. ಅದೇ ಮಾತು, ಅದೇ ಸಾಲಿನಲ್ಲಿ. ತಿಂಗಳಿಗೊಂದರಂತೆ ನಾಲ್ಕು ಬಂದಿದ್ದವು, ನಾಲ್ಕೂ ಒಂದೇ. ಕೊನೆಯದರಲ್ಲಿ ಅವಳು ಮುಗಿಸಿದ ಮೇಲೆ ಹಿಂದಿನಿಂದ ಒಬ್ಬ ಗಂಡಸು 'ಬಸ್', ಅಂದರೆ ಸಾಕು, ಎಂದದ್ದು ಕೇಳಿಸಿತು. ಟಿವಿ ಇರಬೇಕು ಎಂದರು ಚಮನ್ ಬೀ. ನಾನು ಆ ತಾಯಿಗೆ, ಚೆನ್ನಾಗಿದ್ದಾಳಂತೆ ಎಂದು ಹೇಳಿ ಬಸ್ಸು ಹತ್ತಿದೆ. ತಳಕು ದಾಟುವವರೆಗೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಮರುದಿನವೇ ನಿನಗೆ ಫೋನ್ ಮಾಡಿದ್ದು. ರಶ್ಮಿತಾಳನ್ನು ಕಳಿಸಬೇಡ ಎಂದು ಶುರು ಮಾಡುವಷ್ಟರಲ್ಲಿ ನೀನು "ನಿನ್ನ ಅನುಮಾನ ನಿನ್ನತ್ರಾನೇ ಇಟ್ಕ. ನನ್ ಮಗ್ಳು ಮುಂದೆ ಬರೋದು ನಿಂಗೆ ಬ್ಯಾಡಾಗೈತೆ" ಎಂದು ಇಟ್ಟುಬಿಟ್ಟೆ. ಆ ಮಾತು ನನಗೆ ಬಹಳ ನೋವಾಯಿತು. ಹೋಗಲಿ ಬಿಡು, ಅದಕ್ಕೆ ಇನ್ನೊಂದು ದಿನ ಜಗಳವಾಡೋಣ. ರಶ್ಮಿತಾಳಿಗೂ ಎಲ್ಲ ಹೇಳಿದೆ. "ಸುಮಯ್ಯಗೆ ಇಂಗ್ಲಿಷ್ ಬಂದೈತೆ, ನಿಂಗೆ ಹೊಟ್ಟೆಕಿಚ್ಚು ಅತ್ತೆ" ಎಂದಳು. ವೀಸಾ ಅಲ್ಲಿ ಇಳಿದ ಮೇಲೆ ಸಿಗುತ್ತದಂತೆ, ಮನೆಯ ವಿಳಾಸವೂ ಅಲ್ಲೇ ಗೊತ್ತಾಗುತ್ತದಂತೆ. ಅವಳಿಗೆ ಹತ್ತೊಂಬತ್ತು ತುಂಬಿದೆ, ನನ್ನ ಮಾತು ನಡೆಯುವುದಿಲ್ಲ. ಅಪ್ಪನ ಮಾತಾದರೆ ಕೇಳುತ್ತಾಳೆ. ಇದು ಸ್ಪೀಡ್ ಪೋಸ್ಟಿನಲ್ಲಿ ನಾಳೆಯೇ ಸಿಗುತ್ತದೆ, ನೀನು ಬುಧವಾರ ರಾತ್ರಿಯೊಳಗೆ ಬಾ. ನಾನೊಬ್ಬಳೇ ಹೋದರೆ ಪೊಲೀಸರ ಮುಂದೆ ಅವಳು 'ನೋಬಡಿ ಫೋರ್ಸ್ಡ್ ಮಿ' ಎಂದುಬಿಡುತ್ತಾಳೆ, ಅದಕ್ಕೇ ನೀನು, ನಾನು, ಚಮನ್ ಬೀ ಮೂವರೂ ಸೇರಿ ದೂರು ಕೊಡೋಣ. ಚಮನ್ ಬೀಗೆ ನಿಜ ಹೇಳುವ ಕೆಲಸ ಇನ್ನೂ ಬಾಕಿ ಇದೆ. ನನಗೆ ತುಂಬಾ ಭಯವಾಗಿದೆ ಅಣ್ಣ.

ಅತ್ತಿಗೆಗೆ ಇದನ್ನೆಲ್ಲ ಒಮ್ಮೆಲೇ ಹೇಳಬೇಡ, ಬಸ್ಸು ಹತ್ತಿದ ಮೇಲೆ ಹೇಳು. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ನಾಗರತ್ನ

ತಾ.ಕ.: ಕವರು ಅಂಟಿಸುವಾಗ ಹೊರಗೆ ಕಾರು ನಿಂತಿತು. ಗುರುವಾರ ಅಲ್ಲವಂತೆ, ಇವತ್ತೇ, ಈಗಲೇ. ಅಂಜಿನೇಯ ಪಡಸಾಲೆಯಲ್ಲಿ ಕೂತಿದ್ದಾನೆ, ಜೊತೆಗೆ ನಾನೆಂದೂ ನೋಡದ ಒಬ್ಬ ಹೆಂಗಸು. ರಶ್ಮಿತಾ ಅವಳನ್ನು ಆಗಲೇ ಆಂಟಿ ಎನ್ನುತ್ತಿದ್ದಾಳೆ. ಶುಕ್ರವಾರ ಅಂಚೆಯಲ್ಲಿ ಬಂದ ತನ್ನ ಪಾಸ್‌ಪೋರ್ಟನ್ನು ಬೀರುವಿನಲ್ಲಿ ಹುಡುಕುತ್ತಿದ್ದಾಳೆ, ಸಿಗುವುದಿಲ್ಲ. ಅದು ಈ ಕವರಿನಲ್ಲಿದೆ. ಹಾಲು ತರುತ್ತೇನೆಂದು ಹಿತ್ತಲಿನಿಂದ ಪೋಸ್ಟ್ ಆಫೀಸಿಗೆ ಹೊರಟಿದ್ದೇನೆ, ಸ್ಪೀಡ್ ಪೋಸ್ಟ್ ಮಾಡಿ ವಾಪಸ್ ಮನೆಗೇ ಬರುತ್ತೇನೆ, ಅವಳೊಬ್ಬಳನ್ನೇ ಅವರ ಜೊತೆ ಬಿಡಲಾರೆ. ಇದು ಕೈಗೆ ಬಂದ ತಕ್ಷಣ ನನಗೆ ಫೋನ್ ಮಾಡು. ಈ ಸಲ ನಾನು ಎತ್ತದಿದ್ದರೆ ಕಾಯಬೇಡ, ನೇರ ಪೊಲೀಸರ ಹತ್ತಿರ ಹೋಗು.