ಅರ್ಧ ನಿಮಿಷದ ಗಿರಾಕಿ

ರೂಮಿನಿಂದ,
ಜೂನ್ ಒಂಬತ್ತು, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕತ್ತು ನೋವು ಕಮ್ಮಿ ಆಯ್ತಾ? ಸೋಫಾಗೆ ಬಟ್ಟೆ ಎಳೆದು ಮೊಳೆ ಹೊಡೆಯೋದನ್ನ ಭಾವನಿಗೆ ಬಿಡು ಅಂದ್ರೆ ನೀನೆಲ್ಲಿ ಕೇಳ್ತೀಯ. ನಾನು ಚೆನ್ನಾಗಿದ್ದೀನಿ. ಕೂತು ಬರೆಯೋಕೆ ಆಗ್ತಿಲ್ಲ, ಬಟ್ಟೆ ಒಣಹಾಕೋ ಹಗ್ಗದ ಕೆಳಗೆ ಓಡಾಡ್ತಾ ಫೋನಿಗೆ ಬಾಯಲ್ಲೇ ಹೇಳ್ತಿದ್ದೀನಿ, ಅದು ಬರ್ಕೊಳ್ತಿದೆ.

ಆಫೀಸು ಹೇಗಿದೆ ಅಂತ ಕೇಳಿದ್ದೆಯಲ್ಲ. ಹನ್ನೊಂದು ಕುರ್ಚಿ, ಒಂದು ಕಿಟಕಿ, ಅದೂ ತೆಗೆಯೋಕೆ ಬರಲ್ಲ. ಮ್ಯಾನೇಜರಿಗೆ ನಾವಿಟ್ಟ ಹೆಸರು ಏರುಬಾಣ. ಅವನು ತೋರಿಸೋ ಯಾವ ಗ್ರಾಫಲ್ಲೂ ಬಾಣ ಕೆಳಗಿಳಿದಿದ್ದನ್ನ ನಾನು ಕಂಡಿಲ್ಲ. ನಿನ್ನಂಥ ಸಣ್ಣ ಅಂಗಡಿಯವರ ಮೂಗಿಗೆ ತುಪ್ಪ ಸವರಿ ಇಂಟರ್‌ನೆಟ್ಟಲ್ಲಿ ಜಾಹೀರಾತು ಹಾಕಿಸೋದು ನಮ್ಮ ಘನಂದಾರಿ ಕೆಲಸ. ಅದಕ್ಕೊಂದು ಭಾಷೆ ಬೇರೆ. ಯಾರದೋ ಫೋನಲ್ಲಿ ನಿನ್ನ ಜಾಹೀರಾತು ಮೂಡಿದ್ರೆ ಸಾಕು, ಅವನು ಆಕಳಿಸ್ತಾ ಇದ್ರೂ ಅದು ಇಂಪ್ರೆಶನ್. ಬೆರಳು ತಾಗಿ ನಿನ್ನ ಅಂಗಡಿಯ ವೆಬ್ ಪುಟ ತೆರೆದ್ರೆ ಕ್ಲಿಕ್, ಅಲ್ಲಿಗೆ ನಿನ್ನ ದುಡ್ಡು ಹೋಯ್ತು. ಜನ ಯಾವ ಮಾತು ಹುಡುಕಿದಾಗ ನೀನು ಕಾಣಬೇಕೋ ಅದು ಕೀವರ್ಡ್, ಆ ಮಾತಿಗೆ ಹತ್ತು ಜನ ಹರಾಜಲ್ಲಿ ಕೂಗೋ ಬೆಲೆ ಬಿಡ್. ಏರುಬಾಣ ನಿನಗೆ ಹಾಕಿಸಿದ ಕೀವರ್ಡ್ ಬರೀ ‘ಸೋಫಾ’. ಹಳೇ ಸೋಫಾ ಪುಕ್ಕಟೆ ಸಿಗುತ್ತಾ ಅಂತ ಹುಡುಕೋ ಪುಣ್ಯಾತ್ಮನೂ ನಿನ್ನ ಪುಟಕ್ಕೇ ಬಂದು ಬೀಳ್ತಾನೆ. ಅಂಥವರನ್ನ ಹೊರಗಿಡೋಕೆ ನೆಗೆಟಿವ್ ಕೀವರ್ಡ್ ಅಂತ ಒಂದು ಪಟ್ಟಿ ಇದೆ, ‘ಪುಕ್ಕಟೆ’ ಸೇರಿಸೋಣ ಅಂದೆ. ‘ಕ್ಲಿಕ್ ಕಮ್ಮಿ ಮಾಡೋಕಾ ನಿನಗೆ ಸಂಬಳ ಕೊಡೋದು?’ ಅಂದ.

ಇನ್ನು ಕನ್ವರ್ಶನ್. ಎಲ್ಲಾ ಕಡೆ ಅದರರ್ಥ, ನೋಡೋಕೆ ಬಂದವನು ಗಿರಾಕಿ ಆದ ಅಂತ. ನಮ್ಮ ಆಫೀಸಲ್ಲಿ ಮಾತ್ರ ನಿನ್ನ ಪುಟದಲ್ಲಿ ಯಾರಾದ್ರೂ ಅರ್ಧ ನಿಮಿಷ ನಿಂತ್ರೆ ಗಿರಾಕಿ. ಹೋದ ತಿಂಗಳ ರಿಪೋರ್ಟಲ್ಲಿ ಇಪ್ಪತ್ತಾರು ಗಿರಾಕಿ ಅಂತ ಇತ್ತಲ್ಲ, ನಿನ್ನ ಅಂಗಡಿ ಮೆಟ್ಟಿಲು ಹತ್ತಿದವರೆಷ್ಟು? ಇಬ್ಬರು. ಅದರಲ್ಲೊಬ್ಬ ಬಸ್‌ಸ್ಟಾಪ್ ಎಲ್ಲಿ ಅಂತ ಕೇಳಿದವನು. ಉಳಿದವರೂ ಬರ್ತಾರೆ ಅಂತ ನೀನು ಇನ್ನೂ ಕಾಯ್ತಿದ್ದೀಯ. ಯಾರೂ ಬರ್ತಿಲ್ಲ ಕಣೇ. ‘ದಿನಾ ಬೆಳಿಗ್ಗೆ ನಮ್ಮ ಜಾಹೀರಾತು ಹುಡುಕಿ ಒತ್ತಿ ನೋಡ್ತೀನಿ ಕಣೋ, ಅಂಗಡಿ ಬಾಗಿಲು ತೆಗೆದ ಹಾಗಾಗುತ್ತೆ’ ಅಂದಿದ್ದೆಯಲ್ಲ ಫೋನಲ್ಲಿ. ಭಾವ ಒತ್ತುತ್ತಾರೆ. ಚಿಕ್ಕಮ್ಮ ಕನ್ನಡಕ ಹಾಕ್ಕೊಂಡು ಒತ್ತಿ, ಅವರ ಬೀದಿಯವರ ಕೈಲೂ ಒತ್ತಿಸ್ತಾರೆ. ಆಮೇಲೆ ಕೆಂಪು ಸೋಫಾ ಪಕ್ಕ ನಿಂತಿರೋ ನಿನ್ನ ಫೋಟೋನ ಎಲ್ಲರೂ ಕಣ್ತುಂಬ ನೋಡ್ತೀರ. ಎಷ್ಟು ಸಲ ಒತ್ತಿದ್ರೂ ಒಂದು ಫೋನಿಗೆ ಒಬ್ಬ ಗಿರಾಕಿ ಅಂತ ಲೆಕ್ಕ, ಆ ಇಪ್ಪತ್ತಾರು ಜನ ನೀವೇ. ನಿಮ್ಮ ಅಕ್ಕರೆಯನ್ನೇ ಗ್ರಾಫ್ ಮಾಡಿ ಆ ಮನುಷ್ಯ ಬೇರೆ ಅಂಗಡಿಯವರಿಗೆ ತೋರಿಸ್ಕೊಂಡು ತಿರುಗ್ತಾನೆ, ನಾಚಿಕೆಗೆಟ್ಟವನು.

ಈ ಜಾಹೀರಾತನ್ನ ಇನ್ನಾರು ತಿಂಗಳು ಓಡಿಸೋಕೆ ನೀನು ದೊಡ್ಡ ಹೊಲಿಗೆ ಮೆಷಿನ್ ಮಾರೋಕೆ ಹೊರಟಿದ್ದೀಯ ಅಂತ ಭಾವ ಹೇಳಿದ್ರು. ಬುಧವಾರ ಕೊಳ್ಳೋನು ಬರ್ತಾನಂತೆ. ಬೇಡ ಅಕ್ಕಾ. ದಪ್ಪ ಬಟ್ಟೆ ಇನ್ಯಾವುದರಲ್ಲಿ ಹೊಲಿತೀಯ?

ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು. ಇನ್ನು ಒತ್ತಬೇಡಿ ಅಂತ ಚಿಕ್ಕಮ್ಮನಿಗೆ ಮೆಲ್ಲಗೆ ಹೇಳು, ನೊಂದ್ಕೋತಾರೆ.

ನಿನ್ನ ತಮ್ಮ

ಇನ್ನೊಂದು ಮಾತು. ಆ ರಿಪೋರ್ಟ್ ಬರೆದವನು ಏರುಬಾಣ ಅಲ್ಲ, ನಾನು. ನೀನು ಒತ್ತೋ ವಿಷಯ ಹೇಳಿದ ಮಾರನೇ ದಿನ, ಎಲ್ಲಾ ಗೊತ್ತಿದ್ದೇ ‘ಇಪ್ಪತ್ತಾರು ಹೊಸ ಗಿರಾಕಿಗಳು’ ಅಂತ ಬರೆದೆ. ಅವನಿಗೆ ಬೈದಿದ್ರಲ್ಲಿ ಅರ್ಧ ನನಗಿರಲಿ. ಜಾಹೀರಾತು ಈಗಷ್ಟೇ ನಿಲ್ಲಿಸಿದೆ, ನಾಳೆ ಅವನಿಗೆ ಗೊತ್ತಾಗುತ್ತೆ. ಬುಧವಾರದವನಿಗೆ ಇವತ್ತೇ ಫೋನ್ ಮಾಡಿ ಬರಬೇಡ ಅನ್ನು.