ರಸ್ತೆಯ ಪರವಾಗಿ ಮಾತಾಡಿದವಳು

ಗುರುವಾರ, ಸಂಜೆ
ಸ್ಟಾಫ್ ರೂಮಿನಿಂದ

ಪ್ರೀತಿಯ ಅಕ್ಕಾ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಅಂಗಡಿಗೇ ಬರಬಹುದಿತ್ತು. ಆದರೆ ಗಿರಾಕಿಗಳ ಮುಂದೆ ನೀನು ಮೆಷಿನ್ನಿನಿಂದ ತಲೆ ಎತ್ತದೆ ಕೂತರೆ ನಾನು ಎಲ್ಲಿ ನೋಡಲಿ? ಇಲ್ಲಿ ಎಲ್ಲರೂ ಮನೆಗೆ ಹೋಗಿದ್ದಾರೆ. ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಮುಂದಿದೆ. ಕೆಂಪು ಪೆನ್ನು ಹಿಡಿಯಲು ಕೈ ಬರುತ್ತಿಲ್ಲ. ರಜೆ ಹಾಕಿ ಮಲಗಿದರೂ ಹೋಗದಂಥ ದಣಿವು.

ನಿನ್ನ ಮಗಳನ್ನು, ನಮ್ಮ ಗುಬ್ಬಿಯನ್ನು, ಶಾಲೆ ಬಿಡಿಸುತ್ತೇನೆಂದು ಟಿ.ಸಿ. ಕೇಳಿ ನೀನು ಕಳಿಸಿದ ಅರ್ಜಿ ಹೆಡ್‌ಮೇಡಂ ಮೇಜಿನ ಮೇಲಿದೆ. ನಾಳೆ ಸಹಿ ಮಾಡುತ್ತಾರೆ. ಅಷ್ಟರೊಳಗೆ ನನ್ನ ಮಾತು ಒಂದಿಷ್ಟು ಕೇಳು.

ಮೊನ್ನೆಯ ಚರ್ಚೆಯ ತರಗತಿಗೆ ಪೋಷಕರನ್ನು ಕರೆದದ್ದು ನಾನು. ಶಾಲೆಯ ರಸ್ತೆಯನ್ನು ಅಗಲ ಮಾಡಬೇಕೇ ಎಂಬ ವಿಷಯ ಆರಿಸಿದ್ದೂ ನಾನು. ಅಗಲವಾದರೆ ಮೊದಲು ಹೋಗುವುದು ನಿನ್ನ ಟೈಲರಿಂಗ್ ಅಂಗಡಿಯೇ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ದಿನಾ ನಡೆಯುವ ರಸ್ತೆಯ ಬಗ್ಗೆಯೇ ಮಕ್ಕಳು ಯೋಚಿಸಲು ಕಲಿಯದಿದ್ದರೆ ಇನ್ಯಾವುದರ ಬಗ್ಗೆ ಕಲಿತಾರು ಅಂದುಕೊಂಡೆ. ಪರ ಯಾರು, ವಿರೋಧ ಯಾರು ಎಂದು ನಾನೇ ಹಂಚುವುದು ನಮ್ಮಲ್ಲಿನ ರೂಢಿ. ತಮ್ಮದಲ್ಲದ ವಾದವನ್ನೂ ಪೂರ್ತಿ ಆಡಿ ನೋಡಲಿ ಅಂತ. ಗುಬ್ಬಿ ರಸ್ತೆಯ ಪರ ನಿಂತಳು. ತಪ್ಪು ಹೊರಿಸುವುದಾದರೆ ನನ್ನ ಮೇಲೆ ಹೊರಿಸು.

ಅವಳು ಅಷ್ಟು ಚೆನ್ನಾಗಿ ಮಾತಾಡುತ್ತಾಳೆಂದು ನನಗೂ ತಿಳಿದಿರಲಿಲ್ಲ. “ಅಂಗಡಿಯವರಿಗೆ ಬೇರೆ ಜಾಗ ಕೊಡಬಹುದು. ನಡೆಯೋ ಮಕ್ಕಳಿಗೆ ಬೇರೆ ಕಾಲು ಕೊಡೋಕಾಗುತ್ತಾ?” ಅಂದಾಗ ಹಿಂದಿನ ಬೆಂಚಿನಲ್ಲಿದ್ದ ನಿನ್ನತ್ತ ಎಲ್ಲರ ಕತ್ತೂ ತಿರುಗಿತು. ಯಾರದೋ ಅಪ್ಪ, “ಅಯ್ಯೋ, ತೆರವು ಕೆಲಸ ಮನೆಯಿಂದಲೇ ಶುರುವಾಯ್ತಲ್ಲಪ್ಪಾ!” ಎಂದು ನಕ್ಕರು. ನೀನು ಎದ್ದು ಹೋದೆ. ನಾನು ಗೇಟಿನ ತನಕ ಓಡಿ ಬಂದರೆ, “ನನ್ನ ಮಗಳ ಬಾಯಿಂದಲೇ ನನ್ನ ಅಂಗಡಿ ಕೆಡವಿಸಿದೆಯಲ್ಲೇ, ಹೊಟ್ಟೆ ತಣ್ಣಗಾಯ್ತಾ?” ಅಂದೆ. ಅದೇ ಅಂಗಡಿಯ ದುಡಿಮೆಯಲ್ಲಿ ನೀನು ನನ್ನನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿ ಓದಿಸಿದವಳು.

ಆಮೇಲೆ ಹೆಡ್‌ಮೇಡಂ ಕರೆಸಿ, “ಸಸಿ ನೆಡೋದು, ನೀರು ಉಳಿಸೋದು ಅಂತ ಏನಾದ್ರೂ ಕೊಡಬಾರದಾ ಮೇಡಂ? ಎಲ್ಲರೂ ಹೂಂ ಅಂತಾರೆ, ಚಪ್ಪಾಳೆ ಬೀಳುತ್ತೆ, ಮನೆಗೆ ಹೋಗ್ತಾರೆ,” ಅಂದರು. ಎಲ್ಲರೂ ಹೂಂ ಅನ್ನುವುದನ್ನು ಚರ್ಚಿಸುವುದೇನು ಎಂದು ಕೇಳಬೇಕೆನ್ನಿಸಿತು. ಇಷ್ಟು ವರ್ಷ ಮಕ್ಕಳಿಗೆ ಕಾರಣ ಕೊಡಿ, ಕೂಗಾಡಬೇಡಿ ಎಂದು ಹೇಳುತ್ತ ಬಂದೆ. ಕಾರಣ ಸರಿಯಿದ್ದೂ ಎದುರಿಗಿದ್ದವರ ಕಣ್ಣಲ್ಲಿ ನೀರು ಬಂದರೆ ಏನು ಮಾಡಬೇಕೆಂದು ಹೇಳಿಕೊಟ್ಟಿಲ್ಲ. ನನಗೇ ಗೊತ್ತಿಲ್ಲ.

ನನ್ನ ಮೇಲೆ ಸಿಟ್ಟಿರಲಿ, ಬೇಕಾದರೆ ಮಾತು ಬಿಡು. ಗುಬ್ಬಿಯನ್ನು ಮಾತ್ರ ಶಾಲೆ ಬಿಡಿಸಬೇಡ. ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ ಎಂದು ಅವಳು ಈಗಲೇ ಕಲಿಯುವುದು ಬೇಡ.

ನಿನ್ನ ತಂಗಿ

ಇದನ್ನು ಬರೆಯದೆ ಕವರು ಅಂಟಿಸಲು ಮನಸ್ಸಾಗಲಿಲ್ಲ: ನಾನು ಗುಬ್ಬಿಗೆ ಕೊಟ್ಟದ್ದು ಅಂಗಡಿಗಳ ಪಕ್ಷವನ್ನೇ. ಅವಳೇ ಬಂದು ಬದಲಿಸಿಕೊಂಡಳು. ಯಾಕೆಂದು ಆಗ ಹೇಳಲಿಲ್ಲ. ನಿನ್ನೆ ನೀನು ದಾರ ತರಲು ಹೋಗಿದ್ದಾಗ ಫೋನ್ ಮಾಡಿ ಹೇಳಿದಳು. “ನೀನೇ ಬರಿ ಚಿಕ್ಕಿ, ನಾನೇ ಎದುರು ನಿಂತು ಹೇಳಿದ್ರೆ ಅಮ್ಮ ಮತ್ತೆ ಮೆಷಿನ್ ಮುಟ್ಟಲ್ಲ,” ಅಂದಳು. ನಿನ್ನ ಅಂಗಡಿಯ ಮೆಟ್ಟಿಲು ಫುಟ್‌ಪಾತಿನ ಮೇಲೆ ಬಂದಿದೆಯಲ್ಲ, ಚರ್ಚೆಗೆ ಕೆಲವು ದಿನ ಮೊದಲು ಅದನ್ನು ಸುತ್ತು ಹಾಕಿ ಹೋಗಲು ರಸ್ತೆಗಿಳಿದಾಗ ವ್ಯಾನೊಂದರ ಕನ್ನಡಿ ಅವಳ ತೋಳಿಗೆ ಸಿಕ್ಕಿಕೊಂಡು ಎಳೆದು ಬೀಳಿಸಿತಂತೆ. ಆಟದಲ್ಲಿ ಬಿದ್ದೆ ಎಂದು ನಿನಗೆ ಹೇಳಿದಳಂತೆ. ಯೂನಿಫಾರ್ಮಿನ ಹರಿದ ತೋಳನ್ನು ಅವತ್ತು ಹೊಲಿದುಕೊಟ್ಟವಳು ನೀನೇ.