ಮೊದಲನೆಯದು ಲಾಭ

ಜನವರಿ 9, 2025. ಗುರುವಾರ

ಇವತ್ತು ಒಂಬತ್ತು ಫೋನು. ಇಬ್ಬರು ಎತ್ತಲಿಲ್ಲ. ಒಬ್ಬರದು ಆರು. ಅವರ ಮಗ ಹೇಳಿದ, "ಅಪ್ಪ ಹೋಗಿ ಇಪ್ಪತ್ತ ದಿನಾತ್ರೀ." ಆರು ಅಂದರೆ ತೀರಿಕೊಂಡರು. ಸೊನ್ನೆ ಅಂದರೆ ಪೂರಾ ಹುಷಾರು. ಲಕ್ವಾ ಹೊಡೆದ ತೊಂಬತ್ತನೆಯ ದಿನ ಮನುಷ್ಯ ಈ ಎರಡರ ನಡುವೆ ಎಲ್ಲಿದ್ದಾನೆ ಎಂದು ಕೇಳಿ ಬರೆಯುವುದೇ ನನ್ನ ನೌಕರಿ. ಎಂಟು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಈಗ ರಿಸರ್ಚ್ ಅನ್ನುತ್ತಾರೆ. ನಮ್ಮ ಅತ್ತೆ "ಫೋನ್ ಹಚ್ಚೋ ನೌಕ್ರಿ" ಅನ್ನುತ್ತಾರೆ. ಸುಳ್ಳೇನಲ್ಲ.

ಹೊಸಬರು, ಬೆಡ್ ಹನ್ನೊಂದು. ಇಮಾಮುದ್ದೀನ್, ಐವತ್ತೆಂಟು, ಕಮಲಾಪುರದವರು. ನಂದೂರಿನ ಬೇಳೆ ಮಿಲ್ಲಿನಲ್ಲಿ ಲಾರಿಗೆ ಏರುವ ಚೀಲ ಎಣಿಸುವ ಕೆಲಸ, ಮೂವತ್ತೆರಡು ವರ್ಷದಿಂದ. ನಿನ್ನೆ ಬೆಳಿಗ್ಗೆ ಎಣಿಸುತ್ತ ಎಣಿಸುತ್ತಲೇ ಕುಸಿದರಂತೆ. ಹಮಾಲರು ಅದೇ ಲಾರಿಯಲ್ಲಿ ಹಾಕಿಕೊಂಡು ತಂದರು. ಪುಣ್ಯ! ಒಂದೇ ತಾಸಿನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಆಯಿತು. ಬಲಗಾಲು ಸಂಜೆಗೇ ಅಲುಗಿತು. ಮಾತು ಮಾತ್ರ ಇಲ್ಲ.

ಸ್ಕ್ಯಾನ್ ನೋಡಿದೆ. ಎಡಗಡೆ ಒಂದು ದೊಡ್ಡ ಬಾರೆಹಣ್ಣಿನಷ್ಟು ಮಬ್ಬು. ಅಷ್ಟೇ ಜಾಗದಲ್ಲಿ ಎರಡು ಭಾಷೆ ಮುಳುಗಿಹೋಗಿವೆ, ಮನೆಯ ಉರ್ದು, ಮಿಲ್ಲಿನ ಕನ್ನಡ. ಇಷ್ಟು ವರ್ಷ ನೋಡಿದರೂ ಇದು ನನಗೆ ರೂಢಿಯಾಗಿಲ್ಲ.

ಜನವರಿ 10

ವಯಸ್ಸು, ಶುಗರ್, ಸ್ಕ್ಯಾನ್, ಕೈಯ ಬಲ, ಮಾತು... ಎಲ್ಲ ತುಂಬಿದೆ. ಕಂಪ್ಯೂಟರು ಕ್ಷಣದಲ್ಲಿ ಹೇಳಿತು: ತೊಂಬತ್ತನೆಯ ದಿನಕ್ಕೆ ನಾಲ್ಕು. ಇನ್ನೊಬ್ಬರು ಹಿಡಿಯದೆ ನಡೆಯಲಾರರು, ಮೈ ತೊಳೆದುಕೊಳ್ಳಲಾರರು. ನಾನು ಮೋರೆ ಸಣ್ಣದು ಮಾಡಿದ್ದು ಕಂಡಿತೇನೋ, ಡಾಕ್ಟರ್ ಅರುಣಕುಮಾರ ನಕ್ಕರು. ಈ ಸ್ಟಡಿ ಅವರದೇ.

"ಮಲ್ಲಿಕಾ, ಅದೇನ್ ಜೋತಿಷಿ ಅಲ್ಲ. ಅದಕ್ಕ ಹಿಂದಿನ ಆರನೂರ ಮಂದಿ ಗೊತ್ತು, ಅಷ್ಟ. ಈ ಮನಷಾ ಗೊತ್ತಿಲ್ಲ."

ಹೆಂಡತಿ ಸಕೀನಾ ವರಾಂಡದಲ್ಲಿ ಹಿಡಿದು ನಿಲ್ಲಿಸಿದರು. "ಅಕ್ಕಾ, ಮಾತ ವಾಪಸ್ ಬರ್ತದೇನ್ರಿ? ಕಾಲ್ ಬರ್ಲಿಲ್ಲಂದ್ರೂ ನಡೀತದ, ನಾ ಹಿಡಕೋತೀನಿ. ಮಾತ ನಾ ಹ್ಯಾಂಗ ಹಿಡಕೊಳ್ಳಲಿ?"

ಮಾತಿನ ತರಬೇತಿ ಇದೆ ಅಂದೆ. ದಿನಕ್ಕೊಂದು ತಾಸು, ಮೂರು ತಿಂಗಳು. ನಲವತ್ತೇ ಮಂದಿಗೆ. ಏಳು ದಿನದೊಳಗೆ ಒಂದು ಸಣ್ಣ ಪರೀಕ್ಷೆ ಪಾಸಾಗಬೇಕು, ಎಣಿಕೆಯೋ ವಾರದ ಹೆಸರೋ, ಮೂರು ಪದ ಸಾಲಾಗಿ ಬಂದರೆ ಸಾಕು. ಇಲ್ಲದಿದ್ದರೆ ವ್ಯಾಯಾಮದ ಹಾಳೆ ಕೊಟ್ಟು ಕಳಿಸುವುದು.

ಜನವರಿ 11. ಮಧ್ಯಾಹ್ನ

ಪರೀಕ್ಷೆ ಮಾಡಿದೆ. ಮೊದಲು ಉರ್ದುವಿನಲ್ಲಿ ಕೇಳಿಸಿದೆವು. ಏನೂ ಇಲ್ಲ. ಕನ್ನಡದಲ್ಲಿ ನಾನು ಓದಿದೆ, ಫಾರ್ಮಿನಲ್ಲಿ ಇದ್ದ ಹಾಗೇ: "ಒಂದರಿಂದ ಹತ್ತರವರೆಗೆ ಎಣಿಸಿರಿ." ತುಟಿ ಒದ್ದಾಡಿತು. "ಲಾ... ಬ." ಎರಡನೆಯ ಸಲವೂ ಅದೇ, "ಲಾಬ", ಸ್ವಲ್ಪ ಸಿಟ್ಟಿನಲ್ಲಿ. ಎಡಗೈ ಮೇಲೆತ್ತಿದರು. ಮೊದಲ ಪದ ಎರಡು ಸಲ ತಪ್ಪಿದರೆ ನಿಲ್ಲಿಸಬೇಕು, ನಿಯಮ. ನಿಲ್ಲಿಸಿದೆ.

"ಅರ್ಥವಿಲ್ಲದ ಶಬ್ದ, ಎರಡು ಬಾರಿ." ಸಹಿ ಹಾಕಿದೆ.

ಜನವರಿ 12

ಇಮಾಮುದ್ದೀನ್ ಡಿಸ್ಚಾರ್ಜ್. ಹಾಳೆ ಕೊಟ್ಟೆ. ಸಕೀನಾ ಅದನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡರು. ತರಬೇತಿ ಯಾಕಿಲ್ಲ ಎಂದು ಕೇಳಿದ್ದರೆ ಚೆನ್ನಾಗಿತ್ತು.

ಜನವರಿ 13. ಭೋಗಿ. ಸಂಜೆ ಐದು

ಸಾವಕಾಶ ಬರೆಯಬೇಕು.

ಮಹಾಗಾಂವದಿಂದ ಹೊಸ ಜೋಳ ಬಂದಿದೆ. ಅತ್ತೆ ಅಂಬಮ್ಮ ಪಡಸಾಲೆಯಲ್ಲಿ ಚೀಲ ಬಿಚ್ಚಿ ಸೇರಿನಿಂದ ಅಳೆದು ಡಬ್ಬಿಗೆ ಸುರಿಯುತ್ತಿದ್ದರು. ನಾನು ಚಹಾ ಹಿಡಿದು ನಿಂತಿದ್ದೆ. ಮೊದಲ ಸೇರು ಸುರಿದರು. "ಲಾಭ." ಎರಡನೆಯದು. "ಎರಡ." "ಮೂರ..."

"ಅತ್ತೀ! ಮೊದಲ ಏನಂದ್ರಿ?"

"ಏನಂದೆ? ಅಳೀಲಕತ್ತೀನಿ."

"ಒಂದ್ ಅನ್ನಲಿಲ್ಲಲ್ಲ ನೀವು?"

"ಒಂದ್ ಅಂತ ಯಾರ್ ಸುರು ಮಾಡ್ತಾರವ್ವ? ಮೊದಲನೇದು ಲಾಭ. ಆಮ್ಯಾಲ ಎರಡ. ನಮ್ಮಪ್ಪ ಹಂಗೇ ಅಳೀತಿದ್ದ, ನಾನೂ ಹಂಗೇ. ಇಷ್ಟ ಓದೀದಿ, ಇದ ಗೊತ್ತಿಲ್ಲೇನು? ದಿನಾ ದವಾಖಾನ್ಯಾಗ ಏನ್ ಎಣಸ್ತೀ ಮತ್ತ?"

ಹನ್ನೊಂದು ವರ್ಷದಿಂದ ಈ ಪಡಸಾಲೆಯಲ್ಲಿ ಈ ಮಾತು ನನ್ನ ಕಿವಿ ಮೇಲೆ ಬೀಳುತ್ತಿದೆ. ಕೇಳಿಸಿಕೊಂಡಿರಲಿಲ್ಲ. ಮೂವತ್ತೆರಡು ವರ್ಷ ಚೀಲ ಎಣಿಸಿದ ಮನುಷ್ಯ ಒಂದರಿಂದ ಯಾಕೆ ಶುರು ಮಾಡಿಯಾರು? ಅವರು ಸರಿಯಾಗಿಯೇ ಎಣಿಸಿದರು. ನಾನು ಬಾಯಿ ಮುಚ್ಚಿಸಿದೆ. ಥೂ, ನನ್ನ ಬುದ್ಧಿಗಿಷ್ಟು!

ಆರು ಗಂಟೆ

ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡೆ.

"ನಮ್ಮಜ್ಜನೂ ಹಂಗೇ ಎಣಸ್ತಿದ್ದ," ಅಂದರು. "ಫಾರ್ಮ್ ಬರದಾಂವ ನಾನು. ನನಗೂ ನೆನಪಾಗಲಿಲ್ಲ ನೋಡು."

ಹಳೆಯ ಹಾಳೆ ಹರಿಯುವಂತಿಲ್ಲ. ನನ್ನ ತಪ್ಪು ನನ್ನ ಹೆಸರಿನಲ್ಲಿ ಬರೆದು ಅದಕ್ಕೆ ಹಚ್ಚಬೇಕು. ಹೊಸ ಪರೀಕ್ಷೆ ಬೇರೆಯವರು ಮಾಡಬೇಕು, ನಾಡಿದ್ದು ಏಳನೆಯ ದಿನ ಮುಗಿಯುವುದರೊಳಗೆ. ಮಾತಿನ ತರಬೇತಿ ಕೊಡುವ ಮದಿಹಾ ಬರಲು ಒಪ್ಪಿದಳು.

"ಆದ್ರ ಒಂದ್ ತಿಳ್ಕೊ," ಅಂದರು ಡಾಕ್ಟರ್. "ಎಣಿಕಿ ಅಂದ್ರ ಸುತ್ತಿಟ್ಟ ಚಾಪಿ. ತುದಿ ಹಿಡದು ಝಾಡ್ಸಿದ್ರ ತಾನೇ ಬಿಚ್ಕೋತದ. ಅದು ಮಾತಲ್ಲ. ತನ್ನ ಮನಸಿನ್ದು ಒಂದೇ ಒಂದ್ ವಾಕ್ಯ ತಾನಾಗಿ ಅಂದ ದಿನ ನನಗ ಫೋನ್ ಮಾಡು."

ಜನವರಿ 14. ಸಂಕ್ರಮಣ

ಬೆಳಿಗ್ಗೆ ಎಂಟರ ಬಸ್ಸು. ಮದಿಹಾ, ನಾನು. ಕಮಲಾಪುರ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಕೊಂಡೆ, ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಮನೆ ಬಾಗಿಲಲ್ಲೇ ಸಕೀನಾಗೆ ಹೇಳಿಬಿಟ್ಟೆ, ತಪ್ಪು ನನ್ನದು ಅಂತ. ಅವರು ಬೈದಿದ್ದರೆ ಹಗುರಾಗುತ್ತಿತ್ತು. "ಒಳಗ ಬರ್ರಿ ಅಕ್ಕಾ, ಚಹಾ ಕುಡೀರಿ" ಅಂದರು.

ಮದಿಹಾ ಫಾರ್ಮ್ ಓದಿದಳು. ಇಮಾಮುದ್ದೀನ್ ಗೋಡೆಗೆ ಒರಗಿ ಕೂತಿದ್ದರು. ನನ್ನ ಮೋರೆ ನೋಡಿ ಕಣ್ಣು ಕಿರಿದು ಮಾಡಿದರು, ಗುರುತು ಹಿಡಿದರು.

"ಲಾ... ಬ."

ಯಾರೂ ತಡೆಯಲಿಲ್ಲ.

"ಎಡ್... ಮೂ... ನಾಕ್. ಐದ್. ಆರ್."

ಹತ್ತಕ್ಕೆ ನಿಲ್ಲಲಿಲ್ಲ. ಇಪ್ಪತ್ತು ದಾಟಿದರು, ಮೂವತ್ತು ದಾಟಿದರು. ನಾಲಿಗೆ ಬರಬರುತ್ತ ಸಡಿಲಾಯಿತು. ಎಡಗೈ ತಾನೇ ಏಳುತ್ತ ಇಳಿಯುತ್ತ ಇತ್ತು, ಕಣ್ಣೆದುರು ಚೀಲ ಏರುತ್ತಿವೆ! ನೀರು ಬೇಕು ಅನ್ನಲಾರದ ಮನುಷ್ಯ ನೂರರವರೆಗೆ ಎಣಿಸಿದರು. ನೂರಕ್ಕೆ ಗಾಳಿಯಲ್ಲಿ ಬೆರಳಿನಿಂದ, ಲೆಕ್ಕದ ಪುಸ್ತಕದಲ್ಲಿ ಹಾಕುವ ಹಾಗೆ, ಒಂದು ಗೆರೆ ಎಳೆದರು. ಸಕೀನಾ ಸೆರಗಿನಲ್ಲಿ ಮೋರೆ ಮುಚ್ಚಿಕೊಂಡರು. ಮದಿಹಾ ಪೆನ್ನು ಕೆಳಗಿಟ್ಟಿದ್ದಳು. ಮುಳುಗಿತು ಅಂದುಕೊಂಡ ಜಾಗದಲ್ಲಿ ನೂರು ಚೀಲ ಒಣಗಿಯೇ ಇದ್ದವು. ದೇವರೇ, ಈ ತಲೆಯೊಳಗೆ ಇನ್ನೂ ಏನೇನು ಇಟ್ಟಿದ್ದೀಯ?

ಜನವರಿ 15

ಸೇರಿಸಿಕೊಂಡರು. ಮೂವತ್ತೊಂಬತ್ತನೆಯವರು.

ಫೆಬ್ರವರಿ 6

ಹಳೆಯ ಫಾರ್ಮ್ ಎಲ್ಲ ತೆಗೆದು ಕೂತೆ. ನನ್ನ ಸಹಿಯವು ಇಪ್ಪತ್ತಾರು. "ಮೊದಲ ಪದ ತಪ್ಪು, ನಿಲ್ಲಿಸಲಾಯಿತು" ಅಂತ ಇನ್ನೊಂದರಲ್ಲಿ ಇದೆ. ತುಳಜಾಬಾಯಿ, ಕೋಟನೂರ, ಹೋದ ಆಗಸ್ಟ್. ಸಂತೆಯಲ್ಲಿ ಕಾಳು ಅಳೆದು ಮಾರುತ್ತಿದ್ದವರು. ಯಾವ ಪದ ಅಂದರು ಅಂತ ನಾನು ಬರೆದೇ ಇಲ್ಲ. ಫೋನ್ ಮಾಡಿದೆ. ಸೊಸೆ ಎತ್ತಿದರು. "ಅದಾರ್ರಿ. ಮಾತಿಲ್ಲ." ಅವರ ಏಳು ದಿನ ಯಾವತ್ತೋ ಮುಗಿದಿದೆ.

ಮದಿಹಾಗೆ ಹೇಳಿದೆ. ಭಾನುವಾರ ತನ್ನ ರಜೆಯಲ್ಲಿ ಕೋಟನೂರಿಗೆ ಹೋಗಿಬರುತ್ತೇನೆ ಅಂದಳು. ಸ್ಟಡಿಯ ಲೆಕ್ಕಕ್ಕೆ ಬಾರದು. ಬಾರದಿರಲಿ.

ಇಮಾಮುದ್ದೀನ್ ಬಗ್ಗೆ ಕೇಳಿದೆ. ಎಣಿಕೆ ಸ್ವಚ್ಛ. ಉಳಿದದ್ದು ಏನೂ ಇಲ್ಲ. ಉರ್ದು ಅಂತೂ ಒಂದು ಅಕ್ಷರ ಇಲ್ಲ.

ಮಾರ್ಚ್ 18

ರಂಜಾನ್. ಸಕೀನಾ ತಾವೇ ಫೋನ್ ಮಾಡಿದರು. ಕೋಲು ಹಿಡಿದು ಅಂಗಳ ದಾಟುತ್ತಾರಂತೆ. ಮಾತು?

"ಮಾತಂದ್ರ ಒಂದೇ ಅಕ್ಕಾ. ನೀರ್ ಬೇಕಂದ್ರ ಲಾಭ. ನಾ ಎದ್ದು ಹೊರಗ ಹೋದ್ರ ಲಾಭ ಲಾಭ! ಮೂವತ್ತ ವರ್ಷಾತು ಲಗ್ನಾಗಿ, ಒಂದಿನಾನೂ ಹೆಸರ ಹಿಡದು ಕರದಿಲ್ಲ. ಈಗ ನನ್ನ ಹೆಸರೇ ಲಾಭ ಆಗ್ಯಾದ. ಕರದ್ರ 'ಹ್ಞಾಂ' ಅಂತೀನಿ. ಏನ್ ಮಾಡ್ಲಿ?"

ನಕ್ಕರು. ನಾನೂ ನಕ್ಕೆ. ಆಮೇಲೆ ಮೆಲ್ಲಗೆ ಕೇಳಿದರು, "ಇಷ್ಟೇ ಏನ್ರಿ ಮುಂದ?"

ಗೊತ್ತಿಲ್ಲ ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇನ್ನು ಇಪ್ಪತ್ತೊಂದು ದಿನ.

ಏಪ್ರಿಲ್ 8. ತೊಂಬತ್ತನೆಯ ದಿನ. ಕಮಲಾಪುರ ಬಸ್ ಸ್ಟ್ಯಾಂಡ್, ಮಧ್ಯಾಹ್ನ

ಬಿಸಿಲು ಅಂದರೆ ಬಿಸಿಲು. ಬಸ್ಸಿಗೆ ಇನ್ನೂ ಹೊತ್ತಿದೆ. ಮರೆಯುವ ಮೊದಲು ಬರೆದಿಡುತ್ತೇನೆ.

ಬಾಗಿಲು ತೆರೆದವರು ಇಮಾಮುದ್ದೀನ್. ಕೋಲಿಲ್ಲ. ಹಿಡಿದವರಿಲ್ಲ. ಕಂಪ್ಯೂಟರಿನ ನಾಲ್ಕು ಅಲ್ಲೇ ಹೊಸ್ತಿಲಲ್ಲಿ ಬಿತ್ತು. ನಡಿಗೆ, ಊಟ, ಜಳಕ ಎಲ್ಲ ಕೇಳಿದೆ. ಜಳಕ ಒಬ್ಬರೇ ಮಾಡುತ್ತಾರೆ, ಹೊರಗಿನ ವ್ಯವಹಾರಕ್ಕೆ ಜೊತೆ ಬೇಕು. ಮೂರು ಅಂತ ಬರೆದೆ. ಉಳಿದದ್ದು ಮಾತು.

ಸ್ಟಡಿ ಮುಗಿಯುವವರೆಗೆ ಫಾರ್ಮಿನ ಅಕ್ಷರ ಬದಲಿಸುವಂತಿಲ್ಲ. ಕೆಳಗೆ ಡಾಕ್ಟರ್ ಒಂದು ಟಿಪ್ಪಣಿ ಸೇರಿಸಿದ್ದಾರೆ, 'ಒಂದರ ಬದಲು ಲಾಭ ಎಂದರೂ ಸರಿ ಎಂದು ಹಿಡಿಯುವುದು'. ಆದರೆ ಓದುವುದು ಹಳೆಯದೇ. ಸಕೀನಾ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಓದಿದೆ.

"ಒಂದರಿಂದ ಹತ್ತರವರೆಗೆ ಎಣಿಸಿರಿ."

ಅವರು ನನ್ನನ್ನೇ ನೋಡಿದರು. ಬಹಳ ಹೊತ್ತು.

"ಒಂದ್..."

ಫಾರ್ಮಿಗಾಗಿ ಮದಿಹಾ ಒಂದ್ ಅನ್ನುವುದನ್ನು ಕಲಿಸಿಬಿಟ್ಟಳೇ? ಕೈ ಮೇಲೆದ್ದಿತು, ಈ ಸಲ ಲಕ್ವಾ ಹೊಡೆದಿದ್ದ ಬಲಗೈ, ಲಾರಿ ನಿಲ್ಲಿಸುವ ಹಾಗೆ ನನ್ನ ಮೋರೆಯೆದುರು.

"ಒಂದ್ ಅಲ್ಲ." ಉಸಿರು ತೆಗೆದುಕೊಂಡರು. "ಲಾಭ."

ಒಂದ್ ಅಲ್ಲ. ಯಾವ ಎಣಿಕೆಯಲ್ಲಿ ಇದೆ ಈ 'ಅಲ್ಲ'? ಯಾವ ಚಾಪೆ ಬಿಚ್ಚಿದರೆ ಇದು ಬರುತ್ತದೆ? ಇದು ಅವರದೇ. ನನ್ನನ್ನು ತಿದ್ದಿದರು, ಜನವರಿಯಲ್ಲಿ ತಿದ್ದಬೇಕೆಂದು ಕೈಯೆತ್ತಿದ್ದನ್ನು ಈಗ ತಿದ್ದಿ ಮುಗಿಸಿದರು. ನಾನು ಕೂತಲ್ಲೇ ಕೈ ಮುಗಿದೆ. ಯಾರಿಗೆ ಅಂತ ಗೊತ್ತಿಲ್ಲ.

ಅಷ್ಟರಲ್ಲಿ ಒಳಗಿನಿಂದ ಸಕೀನಾ, "ಹ್ಞಾಂ, ಬಂದೆ! ಕರದ್ರಿ?"

ಲಾಭ ಅಂದದ್ದು ಕೇಳಿಸಿತ್ತಲ್ಲ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಇಮಾಮುದ್ದೀನ್ ತಿರುಗಿ ನೋಡಿದರು. ತುಟಿಯ ಒಂದು ಮೂಲೆ ಇನ್ನೂ ಸೊಟ್ಟ, ಆ ಸೊಟ್ಟ ಬಾಯಿಯಲ್ಲೇ ನಗು ಬಂತು. ತಲೆ ಅಲ್ಲಾಡಿಸಿದರು.

"ತುಜೇ ನೈ."

ನಿನಗಲ್ಲ. ಉರ್ದುವಿನಲ್ಲಿ. ಮೂರು ತಿಂಗಳು ಒಂದು ಅಕ್ಷರ ಬಾರದ ಮನೆಯ ಮಾತಿನಲ್ಲಿ.

ಸಕೀನಾ ಅಲ್ಲೇ ಹೊಸ್ತಿಲ ಮೇಲೆ ಕೂತರು. ನಾನು ಡಾಕ್ಟರಿಗೆ ಫೋನ್ ಹಚ್ಚಿದೆ. "ಸರ್, ಅಲ್ಲ ಅಂದ್ರು."

"ಯಾರು? ಏನ್ ಅಲ್ಲ?"

"ಎರಡ್ ಸಲ ಅಂದ್ರು ಸರ್. ನನಗೊಮ್ಮಿ ಕನ್ನಡದಾಗ, ಅವ್ರಿಗೊಮ್ಮಿ..." ಫೋನ್ ಹಾಗೇ ಹೊಸ್ತಿಲ ಕಡೆ ಹಿಡಿದೆ. ಸಕೀನಾ ಅಳುತ್ತ, ನಗುತ್ತ, ಅದನ್ನೇ ತಮ್ಮಷ್ಟಕ್ಕೆ ಅಂದುಕೊಳ್ಳುತ್ತಿದ್ದರು, ತುಜೇ ನೈ, ತುಜೇ—